ಸೊಸೆಯ ಸಾಕ್ಷಿ

ಹಾಲು ಉಕ್ಕಿ ಒಲೆ ಆರಿದರೂ ಸಾತವ್ವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು, "ದೇವರಿಗೆ ಸ್ತೋತ್ರ." ಬಸ್ಸು ತಪ್ಪಿದರೂ ಸ್ತೋತ್ರ, ಮೊಣಕಾಲು ಹಿಡಿದುಕೊಂಡರೂ ಸ್ತೋತ್ರ. ಗಂಡನ ಹೆಣದ ಮುಂದೆ ನಿಂತೂ ಅದನ್ನೇ ಹೇಳಿದ್ದಳು. ಬನಹಟ್ಟಿಯ ಕ್ರೈಸ್ತ ಸಭೆಯವರು ಇಂದಿಗೂ ಅದನ್ನು ನೆನೆಯುತ್ತಾರೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಂದ ಪಾಠ ಒಪ್ಪಿಸಿಕೊಂಡ ಹೆಂಗಸು. ಏನೇ ಬಂದರೂ ದೇವರನ್ನು ಹೊಗಳಬೇಕು ಎಂಬುದನ್ನು ಮನೆಯವರಿಂದಲೂ ಹಾಗೇ ಒಪ್ಪಿಸಿಕೊಳ್ಳುತ್ತಿದ್ದಳು.

ಐದು ತಿಂಗಳಿಂದ ಮಾತ್ರ ಆ ಮಾತು ಅವಳಿಗೆ ಮೊದಲಿನಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಸೊಸೆ ರಾಧಿಕಾಳಿಗೆ ಏಳು ತಿಂಗಳಾಗಿದ್ದಾಗ ಕೂಸು ಹೊಟ್ಟೆಯಲ್ಲೇ ತೀರಿಹೋಯಿತು. ಜಮಖಂಡಿಯ ಆಸ್ಪತ್ರೆಯಲ್ಲಿ ಎಲ್ಲ ಮುಗಿದ ಮೇಲೆ ಸಾತವ್ವ ಅವಳ ತಲೆ ಸವರಿ, "ಸ್ತೋತ್ರ ಅನ್ನವ್ವಾ. ಒಂದ ಸಲ ಅನ್ನು, ಮನಸ ಹಗುರಾಗತೈತಿ" ಎಂದಳು. ರಾಧಿಕಾ ಗೋಡೆಯ ಕಡೆ ಹೊರಳಿ ಮಲಗಿದಳು. ಮಗ ಸಿದ್ಧಾರ್ಥ, "ಯವ್ವಾ, ಸಾಕ ಬಿಡು" ಎಂದ.

ಅಂದು ಬುಧವಾರ, ರಬಕವಿಯ ಮನೆಯೊಂದರಲ್ಲಿ ಪ್ರಾರ್ಥನೆ ಇತ್ತು. ಸಾತವ್ವ ಆಸ್ಪತ್ರೆಯಿಂದಲೇ ಬಸ್ಸು ಹಿಡಿದು ಅಲ್ಲಿಗೆ ಹೋದಳು. "ಸೊಸಿ ಹೆಂಗದಾಳ್ರಿ?" ಎಂದು ಎಲ್ಲರೂ ಸುತ್ತುಗಟ್ಟಿದರು. ಊರಿಗೆಲ್ಲ ಸ್ತೋತ್ರ ಕಲಿಸಿದವಳ ಮನೆಯಲ್ಲೇ ಒಬ್ಬಳು ಮುಖ ತಿರುಗಿಸಿದಳು ಎಂದು ಹೇಗೆ ಹೇಳುವುದು? "ಅಳಕೋಂತನ ಸ್ತೋತ್ರ ಅಂದ್ಲ್ರಿ" ಎಂದುಬಿಟ್ಟಳು. ಮನೆ ತುಂಬ ಜನ ಕಣ್ಣೊರೆಸಿಕೊಂಡರು.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಹೋದಲ್ಲೆಲ್ಲ ಜನ ಅದನ್ನೇ ಕೇಳಿದರು, ಅವಳೂ ಹೇಳಿದಳು. ಸಾವಳಗಿಯ ಪ್ರಾರ್ಥನಾ ಕೂಟದಲ್ಲಿ ಅವಳು ಹೇಳಿದ ಕಥೆಯ ರಾಧಿಕಾ ಎರಡೂ ಕೈ ಎತ್ತಿದಳು. ಗಲಗಲಿಗೆ ಹೋಗುವಷ್ಟರಲ್ಲಿ ಹಾಸಿಗೆಯ ಮೇಲೆಯೇ ಹಾಡಿಬಿಟ್ಟಿದ್ದಳು! ನಿಜವಾದ ರಾಧಿಕಾ ಮುಧೋಳದ ತವರಿನಲ್ಲಿ ಯಾರೊಡನೆಯೂ ಮಾತಿಲ್ಲದೆ ಕೂತಿದ್ದಳು. ಸಾತವ್ವನಿಗೆ ನಾಚಿಕೆಯಾಗುತ್ತಿರಲಿಲ್ಲವೆಂದಲ್ಲ. ಪ್ರತಿ ಸಲವೂ ಆಗುತ್ತಿತ್ತು, ಆದರೆ ಹೇಳಿ ಮುಗಿಸಿದ ಮೇಲೆ.

ಐದು ತಿಂಗಳ ಮೇಲೆ ಒಂದು ಗುರುವಾರ ಸೊಸೆ ಮರಳಿ ಬಂದಳು. ಭಾನುವಾರ ತಾನಾಗಿಯೇ ಸೀರೆ ಉಟ್ಟು, "ನಾನೂ ಬರತೇನ್ರಿ ಅತ್ತಿ" ಎಂದಳು. ಬೇರೆ ಯಾವ ಅತ್ತೆಯಾದರೂ ಹಿಗ್ಗುತ್ತಿದ್ದಳು. ಸಾತವ್ವ, "ಇನ್ನೊಂದ ವಾರ ಬಿಟ್ಟ ಬಾರವ್ವಾ" ಎಂದು ನೋಡಿದಳು.

ಸಭೆಯ ಬಾಗಿಲಲ್ಲೇ ಸಾವಳಗಿಯ ಅನಸವ್ವ ಕಾದಿದ್ದಳು. ಗಂಡನನ್ನು ಕಳೆದುಕೊಂಡು ವರ್ಷ ತುಂಬದ ಹೆಣ್ಣುಮಗಳು. ರಾಧಿಕಾಳ ಎರಡೂ ಕೈ ಹಿಡಿದು, "ನಿಮ್ಮ ಸಾಕ್ಷಿ ಕೇಳೇ ನಾ ಎದ್ದ ಕುಂತೇನ್ರಿ ತಂಗಿ. ಕೂಸ ಹ್ವಾದ ದಿನಾನೂ ಹಾಡಿದ್ರೆಂತ. ನನ್ನ ಕೈಲೆ ಯಾಕ ಆಗವಲ್ದು ಅಂತ ದಿನಾ ನನ್ನ ನಾನ ಬೈಕೋತೇನಿ" ಎಂದು ಅತ್ತಳು.

ರಾಧಿಕಾ ಅತ್ತೆಯ ಕಡೆ ನೋಡಿದಳು. ಸಾತವ್ವ ಕಣ್ಣು ತಗ್ಗಿಸಿ ಚಪ್ಪಲಿ ಬಿಟ್ಟಳು.

ಹಾಡುಗಳಾದ ಮೇಲೆ ಸಾಕ್ಷಿಯ ಹೊತ್ತು. ದೇವರು ಮಾಡಿದ್ದನ್ನು ಎದ್ದು ನಿಂತು ಹೇಳುವುದು, ಕೊನೆಗೆ ಎಲ್ಲರೂ ಸ್ತೋತ್ರ ಎನ್ನುವುದು ಅಲ್ಲಿಯ ಪದ್ಧತಿ. ಪಾಸ್ಟರ್ ಮುತ್ತಣ್ಣ ನಗುನಗುತ್ತ, "ಇಷ್ಟ ದಿನಾ ಅತ್ತಿ ಹೇಳಿದ್ರು. ಇವತ್ತ ತಂಗಿ ರಾಧಿಕಾ ತಮ್ಮ ಬಾಯಿಲೇ ಹೇಳ್ಲಿ" ಎಂದರು.

ರಾಧಿಕಾ ಸೆರಗು ಸರಿಮಾಡಿಕೊಂಡು ಏಳತೊಡಗಿದಳು. ಈಗ ಇವಳು ಅತ್ತೆಯ ಮಾನಕ್ಕಾಗಿ ಸುಳ್ಳು ಹೇಳಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಗೋಡೆಯ ಕಡೆ ಹೊರಳಿದ್ದನ್ನು ಅರವತ್ತು ಜನರ ಮುಂದೆ ಬಿಚ್ಚಿಡಬೇಕು. ಸಾತವ್ವ ಅವಳ ಭುಜ ಅದುಮಿ ಕೂರಿಸಿ ತಾನೇ ಎದ್ದಳು.

"ಅಕಿ ಸ್ತೋತ್ರ ಅನ್ನಲಿಲ್ರಿ. ಹಾಡಲೂ ಇಲ್ಲ. ಎಲ್ಲಾ ನಾ ಹುಟ್ಟಿಸಿದ್ದು. ನನ್ನ ಮನಿ ಸಣ್ಣದಾಗಬಾರದಂತ ಸುಳ್ಳ ಹೇಳೇನಿ. ಅನಸವ್ವಾ, ನಿನ್ನ ನೀ ಬೈಕೋಬ್ಯಾಡ ತಾಯಿ."

ಅನಸವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪಾಸ್ಟರು, "ಒಪ್ಪಿಕೊಂಡ್ರಲ್ಲ, ಅದಕ್ಕೂ ದೇವರಿಗೆ ಸ್ತೋತ್ರ" ಎಂದರು. ಸಭೆಯೂ ಹೂಂಗುಟ್ಟಿತು. ಸಾತವ್ವನ ಎದೆ ಹಗುರಾಯಿತು. ಇದೂ ಒಂದು ಒಳ್ಳೆಯ ಸಾಕ್ಷಿಯೇ ಆಯಿತಲ್ಲ ಎಂಬ ಹೆಮ್ಮೆ ಸಹ ಒಂದು ಗಳಿಗೆ ಮೂಡಿತು. ಎಂಥ ಹೆಂಗಸು ನೋಡಿ!

ಅವಳು ಕೂತ ಮೇಲೆ ರಾಧಿಕಾ ಮೆಲ್ಲಗೆ ಅಂದಳು, "ಅತ್ತಿ, ನಾ ಅವತ್ತ ಏನೂ ಅನ್ನಲಿಲ್ಲ ಅಂತ ತಿಳದೀರೇನ?"

"ಏನಂದಿದ್ದೆವ್ವಾ?"

"'ಹೋಗಬ್ಯಾಡ್ರಿ, ನನ್ನ ಬಾಜೂಕ ಕುಂಡ್ರ್ರಿ' ಅಂದಿದ್ದೆ. ನೀವು ಬಾಗಲಾ ದಾಟಿದ್ರಿ."

ಸಾತವ್ವನಿಗೆ ನೆನಪಾಯಿತು. ಹಿಂದಿನಿಂದ ದನಿ ಬಂದಿತ್ತು. ಅಳುತ್ತಾಳೆ ಎಂದುಕೊಂಡಿದ್ದಳು. ಬಸ್ಸಿನ ಹೊತ್ತಾಗಿತ್ತು, ತಿರುಗಿ ನೋಡಿರಲಿಲ್ಲ. ಸುಳ್ಳನ್ನೇ ದೊಡ್ಡ ಪಾಪವೆಂದು ಐದು ತಿಂಗಳು ಹೊತ್ತು ತಿರುಗಿದ್ದಳು.

"ಸಾತವ್ವಾರ, ಮುಂದ ಬರ್ರಿ" ಎಂದು ಪಾಸ್ಟರು ಎಂದಿನಂತೆ ಕರೆದರು. "ಮುಗಿಸೂ ಪ್ರಾರ್ಥನಿ ನೀವ ಮಾಡ್ರಿ."

"ಬ್ಯಾರೇದವ್ರು ಮಾಡ್ಲಿರಿ" ಎಂದಳು ಸಾತವ್ವ. "ನಾ ಇಕಿ ಬಾಜೂಕ ಕುಂಡ್ರತೇನಿ."

ರಾಧಿಕಾ ಹತ್ತಿರ ಸರಿಯಲಿಲ್ಲ, ದೂರವೂ ಸರಿಯಲಿಲ್ಲ.