ಒಂಬತ್ತನೇ ಡಬ್ಬಿ ಮತ್ತೆ ವರ್ನಾ ಅವ್ರ ಕೋಟು

ನಮ್ಮ ತಂಡದ ಹಿರಿಯರು ವರ್ನಾ ಹಾಲ್ವರ್ಸನ್ ಅವ್ರ ಕೋಟಿನ ಒಳಜೇಬಲ್ಲಿ ಯಾವಾಗ್ಲೂ ನಾಲ್ಕು ಬ್ಯಾಟರಿ ಇರ್ತಿದ್ವು, ಎದೆಗೆ ಒತ್ಕೊಂಡು. ಚಳಿಗೆ ಸೊರಗ್ತವೆ, ಮೈಶಾಖ ಬೇಕು ಅನ್ನೋರು. ಎಡಗಾಲು ಎಳ್ಕೊಂಡು ನಡೆಯೋರು. ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು, ಅದ್ರಲ್ಲಿ ಐದು ನನ್ನ ಬೈಯೋಕೆ.

ವಾಷಿಂಗ್ಟನ್ ರಾಜ್ಯದ ಒಂದು ಬೆಟ್ಟದ ಇಳಿಜಾರಲ್ಲಿ, ಮಣ್ಣು ಜರುಗುತ್ತಾ ಅಂತ ನೋಡೋಕೆ ನಮ್ಮ ನಲವತ್ತು ಸೆನ್ಸರ್ ಡಬ್ಬಿ ಇದ್ವು, ಬ್ಯಾಟರಿ ಮೇಲೆ ನಡೆಯೋವು. ಕೆಳಗಡೆ ಹನ್ನೊಂದು ಟ್ರೇಲರ್ ಮನೆ. ಡಬ್ಬಿ ನಿದ್ದೆ ಮಾಡುತ್ತೆ, ಎದ್ದು ಪಕ್ಕದ ಡಬ್ಬಿಗೆ ಸುದ್ದಿ ದಾಟ್ಸುತ್ತೆ, ಮತ್ತೆ ಮಲಗುತ್ತೆ. ಹಂಗೇ ಒಂದರಿಂದ ಒಂದಕ್ಕೆ ದಾಟಿ ದಾಟಿ ರಸ್ತೆಬದಿ ಕಂಬಕ್ಕೆ, ಅಲ್ಲಿಂದ ನಮ್ಮ ಆಫೀಸಿನ ಪರದೆಗೆ. ವರ್ನಾ ಅವ್ರಿಗೆ ಎರಡು ಹಟ. ಸುದ್ದಿ ಬರೋ ದಾರಿ ವಾರಕ್ಕೊಂದ್ಸಲ ಬದಲಾಗ್ಬೇಕು, ಒಂದೇ ಡಬ್ಬಿ ಮೇಲೆ ಹೊರೆ ಬೀಳಬಾರದು. ಏನೂ ಆಗದಿದ್ರೂ ಪ್ರತಿ ಡಬ್ಬಿ ದಿನಕ್ಕೊಂದ್ಸಲ 'ಇದೀನಿ' ಅನ್ಬೇಕು.

ಹೊಸದಾಗಿ ಸೇರಿದ ನಾನು ಎರಡನ್ನೂ ತೆಗೆದ್ಹಾಕ್ದೆ. ಹತ್ತಿರದ ದಾರಿ ಒಂದೇ ಸಾಕು, ಮಣ್ಣು ಅಲುಗಿದ್ರೆ ಮಾತ್ರ ಮಾತಾಡ್ಲಿ, ಬ್ಯಾಟರಿ ಎರಡು ಪಟ್ಟು ಬಾಳುತ್ತೆ ಅಂದೆ. ಮೇಲಿನೋರು ಒಪ್ಕೊಂಡ್ರು. ವರ್ನಾ ಮಾತ್ರ, "ಜಾಣ ಕಣೋ ಟೀಗನ್. ಬೆಟ್ಟಕ್ಕೂ ಒಂದ್ಸಲ ಹೇಳಿ ಬಾ," ಅಂದ್ರು.

ಮೂರು ವಾರ ಪರದೆ ಹಸಿರು. ಮಾರ್ಚ್ ಮಳೆ ಸುರೀತಿದ್ರೂ ಹಸಿರು. ಹಿಗ್ಗಿಬಿಟ್ಟು ಡೋನಟ್ ಹಂಚ್ದೆ. ವರ್ನಾ ಮುಟ್ಲಿಲ್ಲ.

"ಇಷ್ಟು ಮಳೇಲಿ ನಲವತ್ತರಲ್ಲಿ ಒಂದೂ ಕೆಮ್ಮಲಿಲ್ವೇನೋ?"

ಕೋಟು ಹಾಕ್ಕೊಂಡು ಹೊರಟೇಬಿಟ್ರು. ನಾನೂ ಬರ್ತೀನಿ ಅಂದ್ರೆ, ಪರದೆ ಮುಂದೆ ಕೂತಿರು ಅಂದ್ರು.

ಒಂದು ಗಂಟೆ ಆದ್ಮೇಲೆ ಇಡೀ ಪರದೆ ಕೆಂಪಾಯ್ತು. ಕಂಬಕ್ಕೆ ಹತ್ತಿರ ಇದ್ದ ಒಂಬತ್ತನೇ ಡಬ್ಬಿ, ಎಲ್ಲರ ಸುದ್ದಿಗೂ ತಾನೊಂದೇ ದಾರಿ ಆಗಿ, ನಿದ್ದೆ ಇಲ್ದೆ ಕಾದು ಕಾದು ಸತ್ತೇಹೋಗಿತ್ತು ಗೊತ್ತಾ. ಬೆಟ್ಟದ ಮೇಲಿನ ಡಬ್ಬಿಗಳು ನಾಲ್ಕು ದಿನದಿಂದ ಕೂಗ್ತಾ ಇದ್ವು, ನಾನು ಸದ್ದಿಲ್ಲ ಅಂದ್ರೆ ಕ್ಷೇಮ ಅನ್ಕೊಂಡಿದ್ದೆ. ವರ್ನಾ ಹೊಸ ಬ್ಯಾಟರಿ ಹಾಕಿದ್ದೇ ತಡ, ಅಷ್ಟೂ ಕೂಗು ಒಟ್ಟಿಗೇ ಬಂದು ಬಿತ್ತು.

ಹನ್ನೊಂದು ಮನೆನೂ ಖಾಲಿ ಮಾಡ್ಸಿ ಮೇಲಕ್ಕೆ ಓಡಿದೆ. ವರ್ನಾ ಒಂಬತ್ತರ ಪಕ್ಕ ಮರಕ್ಕೆ ಒರಗಿ ಕೂತಿದ್ರು, ಕೋಟು ಬಿಚ್ಚಿ, ತುಟಿ ನೀಲಿ. ಸೊಂಟದಲ್ಲಿ ವಾಕಿಟಾಕಿ ಇತ್ತು, ಅದ್ರಲ್ಲಿ ನಮ್ಮನ್ನ ಕರೆದಿರ್ಲಿಲ್ಲ.

"ಬಂತಾ?" ಅಂದ್ರು.

ಬಂತು ಅಂದೆ. ಅವ್ರು ಕಣ್ಣು ಮುಚ್ಕೊಂಡ್ರು, ಮತ್ತೆ ತೆಗೀಲಿಲ್ಲ.

ಮಧ್ಯಾಹ್ನ ಬೆಟ್ಟ ಜಾರಿ ಮೂರು ಮನೆ ಮಣ್ಣಾದ್ವು, ಒಳಗೆ ಯಾರೂ ಇರ್ಲಿಲ್ಲ. ವರ್ನಾ ಅವ್ರಿಗೆ ತಿಂಗಳಿಂದ ಎದೆನೋವು ಇದ್ದಿರ್ಬೇಕು ಅಂದ್ರು ಡಾಕ್ಟ್ರು. ನಾವು ಆರು ಜನ, ಎಲ್ಲ ಕೆಲ್ಸನೂ ಅವ್ರ ಕೈಯಿಂದಾನೇ ದಾಟ್ಸ್ತಿದ್ವಿ. ಹೆಂಗಿದೀರ ಅಂತ ಒಬ್ರೂ ಕೇಳಿರ್ಲಿಲ್ಲ.

ಇಂಥೋರು ಎಲ್ಲಾ ಕಡೆ ಒಬ್ರು ಇರ್ತಾರೆ. ತಮ್ಮ ಸುದ್ದಿ ಹೇಳ್ಕೊಳ್ಳೋಕೆ ಒಂದುಸಿರೂ ಖರ್ಚು ಮಾಡಲ್ಲ. ಇರೋದನ್ನೆಲ್ಲ ಬೇರೆಯವ್ರ ಸುದ್ದಿ ದಾಟ್ಸೋಕೇ ಇಟ್ಕೊಂಡಿರ್ತಾರೆ.