ಗಂಜಿ ಕುಡಿದ ನಿಲುವಂಗಿ

ನಾನೊಂದು ಬಿಳಿ ನಿಲುವಂಗಿ. ಮೈಸೂರಿನಲ್ಲಿ, ಹೊಲಿಗೆ ಮಿಷನ್ನಿಗಿಂತ ಜೋರಾಗಿ ಗೊಣಗುತ್ತಿದ್ದ ಒಬ್ಬ ದರ್ಜಿಯ ಕೈಯಲ್ಲಿ ಹುಟ್ಟಿದೆ. ಅಳತೆ ಕೇಳಿದರೆ, ಯಾರು ಹಾಕಿಕೊಂಡರೂ ಆಗಬೇಕು ಎಂದರಂತೆ ಬಟ್ಟೆ ತಂದವರು. ಹಾಗೆ ಹೊಲಿದದ್ದು ಯಾರಿಗೂ ಸರಿಯಾಗಿ ಆಗುವುದಿಲ್ಲ. ನನ್ನ ಹಣೆಬರಹವೇ ಅಷ್ಟು.

ನನ್ನನ್ನು ಹೊಲಿಸಿದವರು ಮಾರ್ಮನ್ ಎಂಬ ಕ್ರೈಸ್ತ ಪಂಥದ ಸಭೆಯವರು. ಬಾಡಿಗೆ ಮನೆಯೊಂದರಲ್ಲಿ ಭಾನುವಾರ ಕೂಡುವ ಸಣ್ಣ ಸಭೆ ಅದು. ಹಿತ್ತಲಿನಲ್ಲಿ ಒಂದು ಸಿಮೆಂಟ್ ತೊಟ್ಟಿ. ಸಭೆಗೆ ಸೇರುವವರು ನನ್ನನ್ನು ಹಾಕಿಕೊಂಡು ಅದರಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯಬೇಕು. ಕಟ್ಟಳೆ ಬಲು ಬಿಗಿ. ಮೈಯಷ್ಟೇ ಅಲ್ಲ, ಕೂದಲಿನ ತುದಿ, ಬಟ್ಟೆಯ ಅಂಚು, ಎಲ್ಲವೂ ಒಟ್ಟಿಗೇ ನೀರಿನೊಳಗೆ ಹೋಗಬೇಕು. ಒಂದು ಚೂರು ಮೇಲೆ ಉಳಿದರೂ ಮತ್ತೆ ಮೊದಲಿನಿಂದ. ಅದನ್ನು ನೋಡುವುದಕ್ಕೆಂದೇ ತೊಟ್ಟಿಯ ಎರಡೂ ಕಡೆ ಒಬ್ಬೊಬ್ಬರು ಸಾಕ್ಷಿ ನಿಲ್ಲುತ್ತಾರೆ.

ಸಭೆಗೆ ಸೇರುವವರು ಅಪರೂಪ. ಹಾಗಾಗಿ ನಾನು ಬೀರುವಿನಲ್ಲಿ ನುಸಿಗುಳಿಗೆಗಳ ಜೊತೆ ಮಲಗಿಯೇ ಕಾಲ ಕಳೆಯುತ್ತಿದ್ದೆ. ಒಂದು ಸೋಮವಾರ ಎಲ್ಡರ್ ಡಾಲ್ಟನ್ ಬಂದು ನನ್ನನ್ನು ಎಬ್ಬಿಸಿದ. ಅಮೆರಿಕದಲ್ಲಿ ಆಲೂಗಡ್ಡೆ ಬೆಳೆಯುವವರ ಮಗ. ಎರಡು ವರ್ಷ ಪರದೇಶದಲ್ಲಿ ಧರ್ಮ ಹೇಳಲು ಬಂದವನು. ಎಲ್ಡರ್ ಅಂದರೆ ಹಿರಿಯ. ಮೀಸೆ ಇನ್ನೂ ನೆಟ್ಟಗೆ ಬಂದಿರದ ಹಿರಿಯ. ಹೀಗೆ ಬಂದವರು ಒಬ್ಬೊಬ್ಬರೇ ಎಲ್ಲಿಗೂ ಹೋಗುವಂತಿಲ್ಲವಾದ್ದರಿಂದ ಜೊತೆಗೆ ಎಲ್ಡರ್ ಪ್ರಭುದಾಸ್ ಇದ್ದ. ರಾಜಮಹೇಂದ್ರಿಯ ಹುಡುಗ, ಸದಾ ಹಸಿವು.

ಎರಡು ವರ್ಷ ಮುಗಿದು, ಶನಿವಾರ ರಾತ್ರಿಯ ಬಸ್ಸಿಗೆ ಡಾಲ್ಟನ್ ಊರಿಗೆ ಹೊರಡಬೇಕು. ಅದಕ್ಕೆ ಮುಂಚೆ, ಅದೇ ಸಂಜೆ, ಎಸ್ತರಮ್ಮನಿಗೆ ಅವನು ದೀಕ್ಷಾಸ್ನಾನ ಕೊಡಬೇಕು. ಎರಡು ವರ್ಷ ಬೀದಿ ಸುತ್ತಿದರೂ ಅವನ ಕೈಯಿಂದ ಇನ್ನೂ ಒಬ್ಬರಿಗೂ ಸ್ನಾನವಾಗಿರಲಿಲ್ಲ. ಕೇಳಿದವರೆಲ್ಲ ತಲೆದೂಗಿ, ಊಟ ಹಾಕಿ, ಕಳಿಸಿಬಿಟ್ಟಿದ್ದರು.

ಎಸ್ತರಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಬೇರೊಂದು ಚರ್ಚಿನಲ್ಲಿ ಬೆಳೆದವರು. ಆಳು ಭಾರಿ, ದನಿ ಇನ್ನೂ ಭಾರಿ. ಈ ಸಭೆಯಲ್ಲಿ ಕಾಫಿ, ಟೀ ಮುಟ್ಟುವಂತಿಲ್ಲ ಎಂದಾಗ ಒಂದು ವಾರ ತಲೆನೋವು ತಿಂದು ಕಾಫಿಯನ್ನೂ ಬಿಟ್ಟಿದ್ದರು. ನೀರು ಮಾತ್ರ ಅವರಿಗೆ ಆಗದು. ಹುಡುಗಿಯಾಗಿದ್ದಾಗ ಕಾವೇರಿಯಲ್ಲಿ ಕಾಲು ಜಾರಿ, ಯಾರೋ ಜಡೆ ಹಿಡಿದು ಎಳೆದು ಉಳಿಸಿದ್ದರಂತೆ.

"ನೀನು ಹಿಡ್ಕೊಂಡ್ರೆ ಮಾತ್ರ ಇಳೀತೀನಿ ಎಲ್ಡರಪ್ಪ. ಇನ್ಯಾರೋ ಅಂದ್ರೆ ನನಗೆ ಬ್ಯಾಡ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಶನಿವಾರ ತಪ್ಪಿದರೆ ಇಬ್ಬರಿಗೂ ತಪ್ಪಿದ ಹಾಗೇ.

ಎಸ್ತರಮ್ಮನ ಮೈಗೆ ಹೊಂದುವಂತೆ ನನ್ನನ್ನು ಬಿಚ್ಚಿ ಅಗಲ ಮಾಡಿಸಬೇಕಿತ್ತು. ಡಾಲ್ಟನ್ ನನ್ನನ್ನು ಬಟ್ಟೆ ಚೀಲಕ್ಕೆ ತುರುಕಿ ಹೆಗಲಿಗೆ ಹಾಕಿಕೊಂಡ. ಅಬ್ಬಾ, ಆ ವಾರದ ಓಡಾಟ! ಪ್ರತಿ ಮನೆಯಲ್ಲೂ ಬೀಳ್ಕೊಡುಗೆ ಊಟ. ಬೇಡ ಅನ್ನುವಂತಿಲ್ಲ. ಕಾಫಿ ಕುಡಿಯದ ಹುಡುಗರಿಗೆ ಏನು ಕೊಡುವುದೆಂದು ತೋಚದೆ ಒಬ್ಬರು ಬಾದಾಮಿ ಹಾಲು, ಇನ್ನೊಬ್ಬರು ಪಾನಕ, ಮತ್ತೊಬ್ಬರು ಎರಡನ್ನೂ ಕೊಟ್ಟರು. ನೆನಪಿಗೆಂದು ಎಲ್ಲರೂ ಕೊಟ್ಟಿದ್ದು ಗಂಧದ ಆನೆ. ಬುಧವಾರದ ಹೊತ್ತಿಗೆ ಅವನ ಪೆಟ್ಟಿಗೆಯಲ್ಲಿ ಅಂಗಿಗಳಿಗೆ ಜಾಗವಿರಲಿಲ್ಲ. ಆನೆಗಳನ್ನು ಕಾಲುಚೀಲಕ್ಕೆ ತುಂಬತೊಡಗಿದ.

ಬುಧವಾರ ಸಂಜೆ ಕೈ ಸೇರಿದ ನನ್ನನ್ನು ದರ್ಜಿ ಅಗಲ ಮಾಡಿ ಗುರುವಾರ ವಾಪಸು ಕೊಟ್ಟ. ಅದೇ ಮಧ್ಯಾಹ್ನ ಒಂದು ಮನೆಯಲ್ಲಿ, ಎಲೆಯ ಪಕ್ಕದಲ್ಲೇ ಬಾಯಿ ತೆರೆದುಕೊಂಡಿದ್ದ ಚೀಲದೊಳಗೆ ಒಂದು ಸೌಟು ಹುಳಿ ಬಿತ್ತು. ಎದೆಯ ಮೇಲೆ ಅಂಗೈಯಗಲ ಅರಿಶಿನ! ಡಾಲ್ಟನ್ ಮುಖ ನನಗಿಂತ ಬಿಳಿಯಾಯಿತು. ಪ್ರಭುದಾಸ್ ತನ್ನ ಎಲೆ ಮುಗಿಸಿಯೇ ಎದ್ದ.

ಇಸ್ತ್ರಿ ಅಂಗಡಿಯ ಚಿಕ್ಕಣ್ಣನ ಹತ್ತಿರ ಓಡಿದರು. ಏನು ವಿಶೇಷ ಎಂದು ಅವನು ಕೇಳಿದ. ಶನಿವಾರ ದೊಡ್ಡ ಫಂಕ್ಷನ್ನು, ಚೆನ್ನಾಗಿ ಕಾಣಬೇಕು ಎಂದ ಪ್ರಭುದಾಸ್. ಆ ಒಂದು ಮಾತು ಸಾಕಾಯಿತು. ಚಿಕ್ಕಣ್ಣ ಕಲೆ ತೆಗೆದ, ನೀಲಿ ಹಾಕಿದ. ಪರದೇಶದ ಹುಡುಗ ಊರಿಗೆ ಹೋಗುತ್ತಿದ್ದಾನಲ್ಲ ಎಂಬ ಪ್ರೀತಿಗೆ ಮಂತ್ರಿಗಳ ಜುಬ್ಬಾಕ್ಕೆ ಹಾಕುವಷ್ಟು ದಪ್ಪ ಗಂಜಿ ಕುಡಿಸಿದ. ನಾನು ಯಾರ ಆಸರೆಯೂ ಇಲ್ಲದೆ ಮೇಜಿನ ಮೇಲೆ ನೆಟ್ಟಗೆ ನಿಂತೆ. ನಿಜ ಹೇಳುತ್ತೇನೆ, ಅಷ್ಟು ಚಂದ ನಾನು ಯಾವತ್ತೂ ಕಂಡಿರಲಿಲ್ಲ. ಜಂಬವೂ ಬಂತು. ಡಾಲ್ಟನ್ ಚಿಕ್ಕಣ್ಣನ ಕೈ ಹಿಡಿದು ಬಹಳ ಹೊತ್ತು ಕುಲುಕಿದ.

ಶನಿವಾರ ಸಂಜೆ ಎಸ್ತರಮ್ಮ ನನ್ನೊಳಗೆ ಪರಪರ ಸದ್ದು ಮಾಡುತ್ತಾ ತೊಟ್ಟಿಗೆ ಇಳಿದರು. ಸಾಕ್ಷಿಗಳಾಗಿ ಒಂದು ಕಡೆ ಸಭೆಯ ಅಧ್ಯಕ್ಷರಾದ ಸ್ಯಾಮ್ಯುಯೆಲ್ ಸಾರ್, ಇನ್ನೊಂದು ಕಡೆ ಪ್ರಭುದಾಸ್. ಡಾಲ್ಟನ್ ಪ್ರಾರ್ಥನೆ ಹೇಳಿ, ಬೆನ್ನಿಗೆ ಕೈ ಕೊಟ್ಟು ಅವರನ್ನು ಹಿಂದಕ್ಕೆ ಬಾಗಿಸಿದ. ಎಸ್ತರಮ್ಮ ಪೂರ್ತಿ ಮುಳುಗಿದರು. ನಾನು ಮುಳುಗಲಿಲ್ಲ. ಗಂಜಿಯ ಬಟ್ಟೆಯೊಳಗೆ ಗಾಳಿ ಸೇರಿ ಪೂರಿಯ ಹಾಗೆ ಉಬ್ಬಿ ಮೇಲೆ ಬಂದೆ. ಅಂಚು ಮೇಲಿತ್ತು, ಮತ್ತೊಮ್ಮೆ ಎಂದರು ಸ್ಯಾಮ್ಯುಯೆಲ್ ಸಾರ್.

ಎರಡನೆಯ ಸಲ ನನ್ನ ತೋಳು ಎದ್ದು ನಿಂತಿತು. ಪ್ರಭುದಾಸ್ ಆಕಾಶ ನೋಡಿದ, ನೆಲ ನೋಡಿದ. ಸುಳ್ಳು ಹೇಳಲಾಗದೆ, ತೋಳು ಮುಳುಗಲಿಲ್ಲ ಎಂದು ಮೆಲ್ಲಗೆ ಅಂದ. ಎಸ್ತರಮ್ಮ ನೀರು ಕುಡಿದು, ಕೆಮ್ಮಿ, ತೊಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನಗೆ ನನ್ನ ಚಂದವೇ ಬೇಡವಾಯಿತು. ಇವತ್ತಿಗೆ ಬಿಡೋಣ, ಮುಂದಿನ ವಾರ ಬೇರೆ ಬಟ್ಟೆಯಲ್ಲಿ ನಾನೇ ಮಾಡಿಸುತ್ತೇನೆ ಎಂದರು ಸ್ಯಾಮ್ಯುಯೆಲ್ ಸಾರ್. ಹೆಂಗಸಿನ ಕಷ್ಟ ನೋಡಲಾರದೆ ಹೇಳಿದ ಮಾತು, ತಪ್ಪೇನಿಲ್ಲ.

ಡಾಲ್ಟನ್ ಸೊಂಟದ ಮಟ್ಟದ ನೀರಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಎಸ್ತರಮ್ಮ ಅವನ ಮುಖವನ್ನೇ ನೋಡಿದರು. ಆಮೇಲೆ ತೊಟ್ಟಿಯ ಅಂಚು ಬಿಟ್ಟು ಅವನ ಮಣಿಕಟ್ಟು ಹಿಡಿದರು.

"ಅಳಬ್ಯಾಡ ಕಣಪ್ಪ. ಮುಳುಗ್ಸು ಇನ್ನೊಂದ್ಸಲ."

ಅಷ್ಟು ಹೊತ್ತಿಗೆ ನನ್ನ ಗಂಜಿಯೆಲ್ಲ ಬಿಟ್ಟುಕೊಂಡು ತೊಟ್ಟಿಯ ನೀರು ಅಕ್ಕಿ ತೊಳೆದ ಹಾಗಾಗಿತ್ತು. ನಾನು ಮೆತ್ತಗಾಗಿ ಅವರ ಮೈಗೆ ಅಂಟಿಕೊಂಡೆ. ಮೂರನೆಯ ಸಲ ಎಲ್ಲರಿಗಿಂತ ಮುಂಚೆ ನಾನೇ ತಳ ಸೇರಿದೆ. ಸ್ಯಾಮ್ಯುಯೆಲ್ ಸಾರ್ ಕನ್ನಡಕ ಒರೆಸಿ ನೋಡಿ ತಲೆಯಾಡಿಸಿದರು. ಪ್ರಭುದಾಸ್ ತಲೆಯಾಡಿಸಿದ್ದು ನಿಲ್ಲಿಸಲೇ ಇಲ್ಲ.

ತಂತಿಯ ಮೇಲೆ ಒಣಗುತ್ತಾ ನಾನು ಡಾಲ್ಟನ್ ಹೊರಡುವುದನ್ನು ಕಂಡೆ. ಎಲ್ಡರುಗಳು ಹೆಂಗಸರನ್ನು ತಬ್ಬಿಕೊಳ್ಳುವಂತಿಲ್ಲ, ಕೈ ಕುಲುಕಬಹುದು ಅಷ್ಟೆ. ಅವನು ಕೈ ಚಾಚಿದ. ಎಸ್ತರಮ್ಮ ಆ ಕೈ ಸರಿಸಿ, ಅವನ ಒದ್ದೆ ತಲೆ ನೇವರಿಸಿ, ತಮ್ಮ ಕೆನ್ನೆಗೆ ಬೆರಳೊತ್ತಿ ಲಟಲಟನೆ ನೆಟಿಕೆ ಮುರಿದು ದೃಷ್ಟಿ ತೆಗೆದರು. ಸ್ಯಾಮ್ಯುಯೆಲ್ ಸಾರ್ ಅಷ್ಟು ಹೊತ್ತೂ ಪಕ್ಕದ ಮನೆಯ ತೆಂಗಿನ ಮರವನ್ನು ನೋಡುತ್ತಿದ್ದರು.

ವರ್ಷಗಳು ಕಳೆದವು. ನನ್ನ ಹೊಲಿಗೆ ಬಿಟ್ಟಿತು, ಸಭೆಗೆ ಜಿಪ್ ಇರುವ ಹೊಸ ಅಂಗಿಗಳು ಬಂದವು. ಎಸ್ತರಮ್ಮ ನನ್ನನ್ನು ಕೇಳಿ ಮನೆಗೆ ಒಯ್ದರು. ಪೂಜ್ಯವಾಗಿ ಮಡಿಸಿಡುತ್ತಾರೆಂದು ನಾನು ಕಾದೆ. ಅವರು ಕತ್ತರಿ ತಂದರು. ಈಗ ನಾನು ಇಡ್ಲಿ ತಟ್ಟೆಗೆ ಹಾಸುವ ಬಟ್ಟೆ. ಮೊದಮೊದಲು ಬೇಸರವಾಗಿತ್ತು, ಈಗ ಇಲ್ಲ. ಬೀರುವಿನಲ್ಲಿ ಮಲಗಿರುವುದಕ್ಕಿಂತ ಇದು ಮೇಲು. ದಿನವೂ ಕೆಲಸವಿದೆ, ಜನರ ಮಾತು ಕಿವಿಗೆ ಬೀಳುತ್ತದೆ.

ಮೊನ್ನೆ ಹೊಸ ಎಲ್ಡರುಗಳಿಬ್ಬರು ಊಟಕ್ಕೆ ಬಂದಿದ್ದರು. ಮೂರು ಸಲ ಮುಳುಗಿದಿರಂತೆ, ಹೌದಾ ಎಂದು ಒಬ್ಬ ನಗುತ್ತಾ ಕೇಳಿದ. ಎಸ್ತರಮ್ಮ ನನ್ನ ಮೇಲಿಂದ ಬಿಸಿ ಇಡ್ಲಿ ಬಿಡಿಸಿ ಅವನ ತಟ್ಟೆಗೆ ಹಾಕಿದರು.

"ದೇವರಿಗೆ ಮೊದಲ್ನೇ ಸಲಾನೇ ಮುಟ್ಟಿತ್ತು ಕಣಪ್ಪ" ಎಂದರು. "ಇನ್ನೆರಡು ಸಲ ಮುಳುಗಿದ್ದು ಆ ಹುಡುಗನಿಗೋಸ್ಕರ."