ಗೋಣೆಪ್ಪನ ಸಾವುಗಳು

ಕುಷ್ಟಗಿಯ ಗೋಣೆಪ್ಪ ಹದಿನೈದು ವರ್ಷಗಳಲ್ಲಿ ಇಪ್ಪತ್ತಾರು ಸಲ ಸತ್ತಿದ್ದ. ಗುಂಡೇಟಿಗೆ, ಕತ್ತಿಗೆ, ಹಾವಿಗೆ, ಒಮ್ಮೆಯಂತೂ ನಾಯಕನ ಒಂದೇ ಗುದ್ದಿಗೆ. ಸಿನಿಮಾದವರು ಅವನಿಗೆ ಬೇರೆ ಕೆಲಸವನ್ನೇ ಕೊಡಲಿಲ್ಲ ಅನ್ನಿ. ಅರ್ಧ ಸಿನಿಮಾ ದಾಟಿ ಅವನು ಬದುಕಿದ್ದೇ ಅಪರೂಪ.

ಅವನ ಹೆಂಡತಿ ಭೀಮಕ್ಕ ಈ ಸಾವುಗಳಲ್ಲಿ ಒಂದನ್ನೂ ನೋಡಿರಲಿಲ್ಲ. ಗಂಡ ಸಾಯುವುದನ್ನು ಮುತ್ತೈದೆ ಕಣ್ಣಾರೆ ನೋಡುವುದುಂಟೇ? ಟೂರಿಂಗ್ ಟಾಕೀಸು ಬಂದಾಗ ಓಣಿಗೆ ಓಣಿಯೇ ಟೆಂಟಿಗೆ ನುಗ್ಗಿದರೂ ಅವಳು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂರುತ್ತಿದ್ದಳು. ಗೋಣೆಪ್ಪ ಬೆಂಗಳೂರಿನಿಂದ ಬಂದರೆ ಅವನ ತಾಯಿ ಕರಿಯವ್ವ ಹೊಸ್ತಿಲಲ್ಲೇ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಿದ್ದಳು.

"ಸತ್ತಾವ ಹೊರಗ ಉಳೀಲಿ, ನನ್ನ ಮಗ ಒಳಗ ಬರಲಿ" ಎನ್ನುತ್ತಿದ್ದಳು. ಅಂದೇ ಸೊಸೆಗೆ ಹೊಸ ಬಳೆ ಇಡಿಸುತ್ತಿದ್ದಳು.

ಎಂಬತ್ತೇಳರ ಬೇಸಿಗೆಯಲ್ಲಿ ಬಂದವನ ಮುಖವೇ ಸರಿ ಇರಲಿಲ್ಲ. ಮುಂದಿನ ಸಿನಿಮಾಕ್ಕೆ ಕರೆದಿದ್ದ ಕಾಗದವನ್ನು ಗೋಡೆಯ ಗೂಡಿನಲ್ಲಿ ತುರುಕಿ, "ಇನ್ನ ಸಾಕು. ಕಾರಟಗಿ ಗಿರಣ್ಯಾಗ ಕೆಲಸ ಐತಂತ, ಹೋಗ್ತೀನಿ" ಎಂದ.

"ಯಾಕ್ರಿ?"

"ಹೀರೋ ನನ್ನ ಕೊಂದಾಗ ಜನ ಶಿಳ್ಳಿ ಹೊಡೀತಾರ, ಅವಂಗ. ನೀನರ ಒಮ್ಮಿ ನೋಡೀಯೇನು? ಸಾಯೋದೂ ಒಂದು ಕಸಬು ಅಂತ ಯಾರಿಗೆ ಗೊತ್ತೈತಿ?"

ಭೀಮಕ್ಕ ಕೈಯ ಹೊಸ ಬಳೆಗಳನ್ನು ಮುಟ್ಟಿ ನೋಡಿಕೊಂಡಳು. ನೋಡುತ್ತೇನೆ ಅನ್ನದೆ ರೊಟ್ಟಿ ಬಡಿಯಲು ಎದ್ದಳು.

ಆ ಭಾನುವಾರ ಸಂಜೆ ಪಕ್ಕದ ಮನೆಯ ಬಾಷಾಬಿ ಓಡಿಬಂದಳು. ಓಣಿಗೆಲ್ಲ ಟಿವಿ ಇದ್ದದ್ದು ಅವಳ ಮನೆಯಲ್ಲೊಂದೇ.

"ಅಕ್ಕಾ, ಅಣ್ಣನ ಪಿಕ್ಚರ್ ಬರಾಕತ್ತೈತಿ. ಅಣ್ಣನ್ನ ಬಾಜೂಕ ಕುಂದ್ರಿಸ್ಕೊಂಡು ನೋಡಿದ್ರ ಅಪಶಕುನ ಹೆಂಗಾಗ್ತೈತಿ?"

ಈ ಮಾತು ಕೇಳಿ ಕರಿಯವ್ವ ತಲೆಯ ಮೇಲೆ ಸೆರಗು ಹೊದ್ದಳು. ಅವಳೂ ಎದ್ದು ಹೊರಟಳು.

ಭೀಮಕ್ಕ ಗಂಡನ ಪಕ್ಕ ಕುಳಿತು, ಸೆರಗಿನ ಮರೆಯಲ್ಲಿ ಅವನ ಮುಂಗೈ ಹಿಡಿದುಕೊಂಡಳು. ಟಿವಿಯಲ್ಲಿ ಅವನು ಗೌಡರ ಮನೆಯ ಆಳು. ನೀರು ತಂದವನು ಗೌಡರಿಗೆ ಹೊಡೆದ ಗುಂಡಿಗೆ ತಾನೇ ಅಡ್ಡ ಬಂದ. ಕೂಗಲಿಲ್ಲ, ಒದ್ದಾಡಲಿಲ್ಲ. ಕಂಬಕ್ಕೆ ಒರಗಿ ಮೆಲ್ಲಗೆ ಕುಸಿದ, ಕೈಯಲ್ಲಿದ್ದ ತಂಬಿಗೆಯನ್ನು ಹನಿ ಚೆಲ್ಲದಂತೆ ನೆಲಕ್ಕಿಟ್ಟ, ಆಮೇಲೆ ಹೋದ. ಕಣ್ಣು ತೆರೆದೇ ಇದ್ದವು. ಎಲ್ಲಿಂದಲೋ ಬಂದ ನೊಣವೊಂದು ಅವನ ತುಟಿಯ ಮೇಲೆ ಕೂತಿತು, ಕೆನ್ನೆ ಹತ್ತಿ ಕಣ್ಣಿನ ಅಂಚಿಗೆ ನಡೆಯಿತು. ಗೋಣೆಪ್ಪನ ರೆಪ್ಪೆ ಅಲುಗಲಿಲ್ಲ. ನೋಡುತ್ತಿದ್ದ ಓಣಿಯ ಹೆಂಗಸರೆಲ್ಲ ಟಿವಿಯ ಹತ್ತಿರಕ್ಕೆ ಸರಿದರು.

ತನ್ನ ಅಪ್ಪ ಹೋದಾಗ ಕಣ್ಣು ಮುಚ್ಚಿಸಿದವಳು ಭೀಮಕ್ಕನೇ. ಅದೇ ನೋಟ ಇದು. ಅಲ್ಲಿ ಗಂಡ ಸತ್ತು ಬಿದ್ದಿದ್ದ, ಇಲ್ಲಿ ಅವಳ ಬೆರಳ ಕೆಳಗೆ ಅವನ ನಾಡಿ ಬಡಿಯುತ್ತಿತ್ತು. ಯಾವುದನ್ನು ನಂಬಬೇಕೆಂದೇ ತಿಳಿಯಲಿಲ್ಲ. ಪಲ್ಯಕ್ಕೆ ಉಪ್ಪು ಸಾಲದೆಂದು ಮುಖ ಗಂಟಿಕ್ಕುವ ಈ ಮನುಷ್ಯನೊಳಗೆ ಇಂಥದ್ದೊಂದು ವಿದ್ಯೆ ಇತ್ತೇ? ಇಷ್ಟು ವರ್ಷ ತಾನು ನೋಡದೇ ಹೋದೆನಲ್ಲ ಎಂದು ಅವಳ ಕಣ್ಣು ತುಂಬಿದವು. ಅತ್ತ ಕರಿಯವ್ವ ಎದ್ದು ಬಂದು ಮಗನ ಹಣೆ ಮುಟ್ಟಿ ನೋಡಿ, ಮತ್ತೆ ಹೋಗಿ ಕುಳಿತಳು.

ಮನೆಗೆ ಬಂದು ಗೋಣೆಪ್ಪ ಕಾಲು ತೊಳೆಯುತ್ತಿದ್ದಾಗ ಭೀಮಕ್ಕ ಗೂಡಿನಲ್ಲಿದ್ದ ಕಾಗದ ತಂದು ಅವನ ಮುಂದೆ ಹಿಡಿದಳು.

"ಗಿರಣಿ ಮಾತು ಬಿಡ್ರಿ. ಇದಕ್ಕ ಉತ್ತರ ಬರೀರಿ" ಎಂದಳು. ಆಮೇಲೆ ಅತ್ತೆಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ಮತ್ತ ಯಾವಾಗ ಸಾಯ್ತೀರಿ?"